ನಾಲ್ಕೂ ಐದರ ಇಸ್ತ್ರಿ

ಮರೆವಂತೆ ನನಗೆ! ತ್ರಿವೇಣಿ, ನೀನೇ ತಾನೆ ಗ್ರೂಪಿನಲ್ಲಿ ಹಾಕಿದ್ದು, "ತಾತ ಈಗೀಗ ಇಲ್ಲದ ಊರಿನ ಕಥೆ ಹೇಳ್ತಾರೆ, ಸುಮ್ನೆ ಹೂಂ ಅನ್ನಿ" ಅಂತ? ನನಗೂ ಓದಲು ಬರುತ್ತದೆ ಕಣಮ್ಮ. ಅದರ ಕೆಳಗೆ ನಗುವ ಮುಖ ಅಂಟಿಸಿದ ಏಳು ಜನರ ಹೆಸರನ್ನೂ ಓದಿದ್ದೇನೆ. ನಿಮ್ಮಲ್ಲಿ ಒಬ್ಬರಿಗಾದರೂ ಮೊನ್ನೆ ಮಧ್ಯಾಹ್ನ ಏನು ಉಂಡಿರಿ ಎಂದು ನೆನಪಿದೆಯೇ? ಫೋಟೋ ತೆಗೆದಿದ್ದರೆ ನೋಡಿ ಹೇಳುತ್ತೀರಿ, ಅಷ್ಟೇ. ನಾನು ಮೋಟಾರಿಗೆ ತಂತಿ ಸುತ್ತಿದವನು. ಸುತ್ತು ಎಣಿಸುವಾಗ ಲೆಕ್ಕ ತಪ್ಪಿದರೆ ಮೋಟಾರು ಸುಟ್ಟುಹೋಗುತ್ತದೆ. ನಲವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಸುಟ್ಟದ್ದು ಎರಡೇ ಎರಡು, ಅದರಲ್ಲಿ ಒಂದು ಗಿರಾಕಿಯ ತಪ್ಪು. ಇನ್ನು ಆ ಹೊಸ ಮೀಟರಿನ ವಿಷಯ. ಹೋದ ವಾರ ಮನೆಗೆ ಹೊಸ ಮೀಟರು ಕೂರಿಸಿದರು, ನೀನು ಫೋನಿನಲ್ಲಿ ಏನೋ ಗೆರೆ ತೋರಿಸಿ, "ತಾತ, ಸಂಜೆ ಹೊತ್ತು ರೇಟ್ ಜಾಸ್ತಿ, ನಿಮ್ಮ ಇಸ್ತ್ರಿ ಮಧ್ಯಾಹ್ನಕ್ಕೆ ಹಾಕ್ಕೊಳ್ಳಿ" ಎಂದೆ. ನಾನು ಆಗುವುದಿಲ್ಲ ಎಂದೆ. ನೀನು ಮುಖ ಊದಿಸಿಕೊಂಡು ಹೋದೆ. ಯಾಕೆ ಆಗುವುದಿಲ್ಲ ಎಂದು ಈಗ ಇದೇ ಗ್ರೂಪಿಗೆ ಮಾತಾಡಿ ಕಳಿಸುತ್ತೇನೆ. ಈಗಷ್ಟೇ ಇಸ್ತ್ರಿ ಮುಗಿಸಿ ಅಂಗಿ ತೊಟ್ಟಿದ್ದೇನೆ, ಮೈಮೇಲೆ ಇನ್ನೂ ಬಿಸಿ ಇದೆ. ನಡುವೆ ಯಾರೂ ಕಾಲ್ ಮಾಡಬೇಡಿ, ಮಾತು ಕಟ್ಟಾಗುತ್ತದೆ.

ಆ ಊರು ಎಲ್ಲಿದೆ ಎಂದು ಕೇಳಬೇಡಿ. ಫೋನಿನ ನಕ್ಷೆಯ ಮೇಲೆ ಬೆರಳು ಎಳೆದರೆ ಸಿಗುವ ಊರಲ್ಲ ಅದು. ಅಲ್ಲಿ ಪ್ರತಿ ಮನೆಯ ಬಾಗಿಲ ಮೇಲೆ ಒಂದು ಮೀಟರು, ಮೀಟರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ದೀಪ. ದೀಪ ಹಸಿರಾಗಿದ್ದರೆ ಕರೆಂಟು ಅಗ್ಗ, ಹಳದಿಯಾದರೆ ದುಬಾರಿ, ಕೆಂಪಾದರೆ ಸ್ವಿಚ್ಚು ಮುಟ್ಟುವ ಮುಂಚೆ ಎರಡು ಸಲ ಯೋಚಿಸಬೇಕು. ಕಟ್ಟಳೆ ಒಂದೇ. ಒಂದು ಮನೆ ಯಾವ ಕೆಲಸವನ್ನು ದಿನಾ ಅದೇ ಹೊತ್ತಿಗೆ ಮಾಡುತ್ತದೋ, ಆ ಹೊತ್ತು ಆ ಮನೆಗೆ ದುಬಾರಿ. ಇವತ್ತು ಬೆಳಿಗ್ಗೆ, ನಾಳೆ ಸಂಜೆ ಎಂದು ಮನಸ್ಸಿಗೆ ಬಂದಾಗ ಮಾಡಿದರೆ ಅಗ್ಗ. ಮನೆಯವರ ಅಭ್ಯಾಸ ಮೀಟರಿಗೆ ಹೆಂಡತಿಗಿಂತ ಮುಂಚೆ ಗೊತ್ತಾಗುತ್ತಿತ್ತು.

ಜನ ಹೊಂದಿಕೊಂಡರು. ಬೆಳಿಗ್ಗೆ ಎದ್ದು ಮುಖ ತೊಳೆದು ಮೊದಲು ಕವಡೆ ಹಾಕುತ್ತಿದ್ದರು. ಎರಡು ಬಿದ್ದರೆ ಎರಡು ಗಂಟೆಗೆ ಅನ್ನ, ಐದು ಬಿದ್ದರೆ ಐದಕ್ಕೆ. ಮನೆಗೆ ಬಂದವರನ್ನು "ಊಟ ಆಯ್ತಾ" ಎಂದು ಕೇಳಿದರೆ, "ಯಾವ ದಿನದ್ದು?" ಎನ್ನುತ್ತಿದ್ದರು. ಮಕ್ಕಳು ಸ್ನಾನ ಮಾಡಿ ಬಂದ ಗಂಟೆಗೆ ಶಾಲೆಯ ಗಂಟೆ. "ದಿನಾ ಇದೇ ಹೊತ್ತಿಗೆ ಸಿಗೋಣ" ಎಂದ ಹುಡುಗನನ್ನು ಹುಡುಗಿಯ ಅಪ್ಪ ಕತ್ತು ಹಿಡಿದು ಆಚೆ ದಬ್ಬಿದ್ದನ್ನು ನಾನೇ ನೋಡಿದ್ದೇನೆ, ಮನೆ ಹಾಳು ಮಾಡಲು ಬಂದಿದ್ದೀಯಾ ಎಂದು. ಸೋಮವಾರ ಸೋಮವಾರ ಕರೆಂಟ್ ಆಫೀಸಿನ ಉದ್ದನೆಯ ಗೋಡೆಯ ಮೇಲೆ ಪ್ರತಿ ಮನೆಯ ವಾರದ ಗೆರೆಯನ್ನು ಕಾಗದದಲ್ಲಿ ಅಂಟಿಸುತ್ತಿದ್ದರು, ಬಾಗಿಲ ನಂಬರಿನ ಪ್ರಕಾರ ಸಾಲಾಗಿ. ಏರಿದ ಕಡೆ ಕರೆಂಟು ಉರಿದಿದೆ, ಮಲಗಿದ ಕಡೆ ಉರಿದಿಲ್ಲ. ಊರಿನವರಿಗೆ ಅದೇ ಪೇಪರು, ಅದೇ ಸಿನಿಮಾ. "ನೋಡ್ರೀ, ಉಪವಾಸ ಅಂತಾಳೆ, ಬುಧವಾರ ಹನ್ನೊಂದಕ್ಕೆ ಮಿಕ್ಸಿ ತಿರುಗಿಸವ್ಳೆ" ಎಂದು ಅಲ್ಲೇ ನಿಂತು ತೀರ್ಪು ಕೊಡುತ್ತಿದ್ದರು.

ಊರಿನಲ್ಲಿ ಗಡಿಯಾರ ನೋಡಿ ಬದುಕಿದವನು ಒಬ್ಬನೇ, ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹೊಂಬಾಳಯ್ಯ. ಬಸ್ಸು ಓಡುವುದು ಡೀಸೆಲ್ಲಿನಲ್ಲಿ, ಅದಕ್ಕೆ ಮೀಟರಿನ ಹಂಗಿಲ್ಲ, ಬಸ್ ಸ್ಟ್ಯಾಂಡಿಗೂ ಆ ಮೀಟರು ಇರಲಿಲ್ಲ. ಮೂವತ್ತೆರಡು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿದ. ಅವನ ಹೆಂಡತಿ ದೇವೀರಮ್ಮ ಪಕ್ಕದ ಊರಿನ ಅಂಗನವಾಡಿಯಲ್ಲಿ ಟೀಚರು. ನಾಲ್ಕೂ ಇಪ್ಪತ್ತರ ಬಸ್ಸಿಗೆ ಬಂದು ಇಳಿಯುತ್ತಿದ್ದಳು. ಈ ಮಹಾಶಯ ನಾಲ್ಕೂ ಐದಕ್ಕೆ ಕಂಟ್ರೋಲರ್ ರೂಮಿನ ಬಾಗಿಲು ಹಾಕಿಕೊಂಡು, ಬೆಳಗಿನಿಂದ ಬೆವರಿ ಮುದುಡಿದ ಖಾಕಿ ಅಂಗಿ ಬಿಚ್ಚಿ, ಇನ್ನೊಂದಕ್ಕೆ ಇಸ್ತ್ರಿ ಹಾಕಿ, ಬಿಸಿಬಿಸಿ ತೊಟ್ಟು ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಿದ್ದ. ಹೆಂಡತಿ ಬಸ್ಸಿಳಿಯುವಾಗ ಗಂಡ ಮುದುಡಿದ ಅಂಗಿಯಲ್ಲಿ ಕಾಣಬಾರದಂತೆ! ನಾವು ಎಷ್ಟು ಗೇಲಿ ಮಾಡಿದ್ದೇವೆ. "ಏನ್ ಕಂಟ್ರೋಲರೇ, ದಿನಾ ಮದುವೆ ಗಂಡಾ?" ಎಂದರೆ, "ನಿನ್ ಹೆಂಡ್ತಿ ಬಸ್ಸಲ್ಲಿ ಬಂದಿದ್ರೆ ನಿಂಗೂ ಗೊತ್ತಾಗ್ತಿತ್ತು ಹೋಗಯ್ಯ" ಎನ್ನುತ್ತಿದ್ದ.

ರಿಟೈರಾದ ಮೂರನೇ ವರ್ಷ ಅವನ ತಲೆಯಿಂದ ಒಂದೊಂದೇ ಜಾರಿತು. ಮೊದಲು ಊರುಗಳ ಹೆಸರು, ಆಮೇಲೆ ನಮ್ಮ ಹೆಸರು, ಕಡೆಗೆ ಹೆಂಡತಿಯದೂ. ಅಡುಗೆಮನೆಯಿಂದ ತಟ್ಟೆ ತಂದಿಟ್ಟವಳನ್ನು ನೋಡಿ, "ಯಾವೂರ್ಗೆ ಹೋಗ್ಬೇಕಮ್ಮ? ಬಸ್ಸಿಗಿನ್ನೂ ಟೈಮಿದೆ, ಕೂತ್ಕೊಳಿ" ಎನ್ನುತ್ತಿದ್ದ. ಮರ್ಯಾದೆಯಿಂದಲೇ ಹೇಳುತ್ತಿದ್ದ. ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ.

ಒಂದು ದಿನ ನಾಲ್ಕೂ ಐದಕ್ಕೆ ಅವನು ಎದ್ದು, ಹಳೇ ಇಸ್ತ್ರಿಪೆಟ್ಟಿಗೆ ಹುಡುಕಿ, ಅಂಗಿಗೆ ಇಸ್ತ್ರಿ ಹಾಕಿ ತೊಟ್ಟುಕೊಂಡು ಬಾಗಿಲಿಗೆ ಬಂದು ನಿಂತ. ದೇವೀರಮ್ಮ ಅಂಗಡಿಯಿಂದ ಚೀಲ ಹಿಡಿದು ಬರುತ್ತಿದ್ದಳು. ಅವನು ನೋಡಿದ. "ಬಂದ್ಯಾ ದೇವಿ? ಇವತ್ತು ಐದ್ನಿಮಿಷ ಲೇಟು ನಿನ್ ಬಸ್ಸು" ಎಂದ. ಅವಳ ಕೈಯಿಂದ ಚೀಲ ಬಿತ್ತು, ಈರುಳ್ಳಿ ಬೀದಿ ತುಂಬ ಉರುಳಿದವು, ಆರಿಸಿಕೊಟ್ಟವನು ನಾನು. ಅಂಗಿಯ ಬಿಸಿ ಆರುವವರೆಗೆ ಅವನಿಗೆ ಎಲ್ಲ ನೆನಪಿತ್ತು. ಮಾವನ ಮನೆಯ ನಾಯಿಯ ಹೆಸರು ಕೂಡ. ಆರಿದ ಮೇಲೆ ಮತ್ತೆ, "ಯಾವೂರ್ಗಮ್ಮ?"

ಅಂದಿನಿಂದ ದೇವೀರಮ್ಮ ದಿನಾ ಹಿತ್ತಲ ಬಾಗಿಲಿಂದ ಆಚೆ ಹೋಗಿ, ಸುತ್ತು ಹಾಕಿಕೊಂಡು, ಅಂಗನವಾಡಿಯ ಹಳೇ ಚೀಲ ಹೆಗಲಿಗೆ ಹಾಕಿ, ನಾಲ್ಕೂ ಇಪ್ಪತ್ತಕ್ಕೆ ಬೀದಿಯಿಂದ ಮನೆಗೆ ಬರುತ್ತಿದ್ದಳು. ಅದೊಂದು ಗಂಟೆ ಅವಳಿಗೆ ಗಂಡ ಇದ್ದ.

ಮೀಟರು ಬಿಡುತ್ತದೆಯೇ? ಎರಡನೇ ವಾರ ಅವರ ದೀಪ ನಾಲ್ಕೂ ಐದಕ್ಕೆ ಹಳದಿಯಾಯಿತು, ನಾಲ್ಕನೇ ವಾರ ಕೆಂಪು, ಆಮೇಲೆ ವಾರವಾರ ಆ ಕೆಂಪು ಗಾಢವಾಗುತ್ತ ಹೋಗಿ ಒಲೆಯ ಕೆಂಡದ ಬಣ್ಣಕ್ಕೆ ಬಂತು. ಅವಳು ಫ್ಯಾನು ನಿಲ್ಲಿಸಿದಳು, ಲೈಟು ಹಾಕುವುದನ್ನು ಬಿಟ್ಟಳು. ಒಂದು ದಿನ ನನ್ನ ಅಂಗಡಿಗೆ ಬಂದು ಮೇಜಿನ ಮೇಲೆ ಮಿಕ್ಸಿ ಇಟ್ಟಳು.

"ಏನಾಗಿದೆ ಅಕ್ಕ ಇದಕ್ಕೆ?" ಎಂದೆ.

"ಏನೂ ಆಗಿಲ್ಲ ಮಾದಪ್ಪ. ಯಾರಿಗಾದ್ರೂ ಮಾರ್ಕೊಡು."

"ಇಸ್ತ್ರಿಯ ಹೊತ್ತು ಬದಲಾಯಿಸಬಾರದಾ? ಎರಡು ಗಂಟೆಗೆ ಹಾಕ್ಸಿ."

"ಹಾಕ್ಸಿದೆ. ಬಿಸಿ ಅಂಗಿ ತೊಟ್ಕಂಡು ನನ್ನೇ ನೋಡಿ, ಲೇಡೀಸ್ ಸೀಟು ಮುಂದಿದೆ ಅಂದ್ರು."

"ಇದ್ದಿಲ ಪೆಟ್ಟಿಗೆ?"

"ಅದನ್ನೂ ನೋಡಿದೆ. ಕರೆಂಟ್ ಪೆಟ್ಟಿಗೆ ಥರಾನೇ ಹಿಡೀಲಿ ಸಣ್ಣ ಲೈಟು ಆರೋದನ್ನೇ ಕಾಯ್ತಾ ಕೂತ್ರು. ಅದ್ರಲ್ಲಿ ಎಲ್ಲೈತೆ ಲೈಟು? ಅಂಗಿ ಸುಟ್ಟೋಯ್ತು." ಸೆರಗಿನಿಂದ ಮಿಕ್ಸಿಯ ಮೇಲಿನ ಧೂಳು ಒರೆಸಿ, ಎದ್ದು ನಿಂತಳು. ಕೈಯಲ್ಲಿ ಚಿನ್ನದ ಬಳೆ ಇರಲಿಲ್ಲ. ಗಾಜಿನವು ಮಾತ್ರ ಇದ್ದವು. ನಾನು ಕೇಳಲಿಲ್ಲ.

ಅವತ್ತು ನನಗೆ ತಲೆ ಓಡಿತು. ಮೀಟರಿಗೆ ಕಾಣುವುದು ಮನೆ, ಮನುಷ್ಯ ಕಾಣುವುದಿಲ್ಲ. ಹೊಂಬಾಳಯ್ಯನ ಇಸ್ತ್ರಿ ಅವನ ಮನೆಯಲ್ಲೇ ನಡೆಯಲಿ, ಕರೆಂಟು ಮಾತ್ರ ದಿನಾ ಬೇರೆ ಬೇರೆ ಮನೆಯಿಂದ ಬರಲಿ. ನಮ್ಮದು ಹದಿನಾರು ಮನೆಯ ಬೀದಿ. ಒಂದೊಂದು ಮನೆಗೆ ಹದಿನಾರು ದಿನಕ್ಕೊಂದು ಸಲ ಬಂದರೆ ಅದು ಅಭ್ಯಾಸ ಹೇಗಾಗುತ್ತದೆ? ವೈಂಡಿಂಗ್ ಅಂಗಡಿಯವನಿಗೆ ತಂತಿಗೆ ಬರವೇ? ಉದ್ದನೆಯ ಕೇಬಲ್ಲು ತೆಗೆದು, ಕೊನೆಗೆ ಪ್ಲಗ್ಗಿನ ಪೆಟ್ಟಿಗೆ ಕಟ್ಟಿ, ಕಾಂಪೌಂಡು ಗೋಡೆಗಳ ಮೇಲೆ ಎಳೆದೆ. ಮೊದಲ ಮನೆ ಚಿಕ್ಕತಾಯಮ್ಮನದು. ಹಪ್ಪಳ ಮಾಡಿ ಮಾರುವವಳು, ಬಾಯಿ ಬಿಟ್ಟರೆ ಬೀದಿ ಕೊನೆಗೆ ಕೇಳುತ್ತಿತ್ತು. "ಏನಯ್ಯ ಇದು, ನಮ್ಮನೆ ಕರೆಂಟು ಪರಸ್ಥಳಕ್ಕೆ ಹೋಗ್ತೈತೆ?" ಎಂದಳು. ವಿಷಯ ಹೇಳಿದೆ. "ಅಯ್ಯೋ, ಹಂಗಂತ ಮೊದ್ಲೇ ಬೊಗಳಬಾರದಾ" ಎಂದು ತಾನೇ ಪ್ಲಗ್ಗು ಚುಚ್ಚಿದಳು. ಬಾಗಿಲ ದೀಪ ಹಸಿರು ಬಿಟ್ಟು ಅಲುಗಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ದೇವೀರಮ್ಮ ಬೀದಿ ತಿರುವಿನಲ್ಲಿ ಕಂಡಾಗ ನಾವೆಲ್ಲ ಏನೂ ಗೊತ್ತಿಲ್ಲದವರಂತೆ ಆಕಾಶ ನೋಡಿದೆವು.

ಇಲ್ಲಿ ನಾವೊಂದು ತಪ್ಪು ಮಾಡಿದೆವು. ಆ ಊರಿನವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ವರ್ಷಗಟ್ಟಲೆ ಕವಡೆ ಹಾಕಿ ಬದುಕಿದ ಜನ ನಾವು. ನಾಳೆ ಏನು ಎಂದು ಗೊತ್ತಿರುವ ಸುಖವೇ ನಮಗೆ ಮರೆತುಹೋಗಿತ್ತು. ಇವತ್ತು ಒಂದನೇ ಮನೆ, ನಾಳೆ ಎರಡನೇ ಮನೆ, ನಾಡಿದ್ದು ಮೂರನೇ ಮನೆ ಎಂದು ಸರದಿ ಮಾಡಿದ್ದೇ ಮಾಡಿದ್ದು, ಎಲ್ಲರಿಗೂ ಅದರ ಹುಚ್ಚು ಹಿಡಿಯಿತು. ಸರದಿ ಬರುವ ದಿನ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು. "ನಾಳೆ ನಮ್ಮನೇದು" ಎಂದು ಹಾಲಿನವನಿಗೂ ಹೇಳಿಕೊಂಡರು. ಕವಡೆ ಹಾಕಿ ಮನೆ ಆರಿಸೋಣ ಎಂದು ಒಬ್ಬನಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮೂರನೇ ಸೋಮವಾರ ಗೋಡೆಯ ಮುಂದೆ ಜನ ಗುಂಪು ಕೂಡಿದ್ದರು. ಹದಿನಾರು ಮನೆಯ ಕಾಗದ ಸಾಲಾಗಿ ಅಂಟಿಸಿದ್ದರು, ಹಿಂದಿನ ವಾರಗಳವೂ ಪಕ್ಕದಲ್ಲೇ ಇದ್ದವು. ಪ್ರತಿ ಮನೆಯ ಸಾಲಿನಲ್ಲೂ ನಾಲ್ಕೂ ಐದಕ್ಕೆ ಒಂದು ಮೊಳೆಯಂಥ ಏರು, ಒಂದು ಮನೆಯದಕ್ಕಿಂತ ಪಕ್ಕದ ಮನೆಯದು ಒಂದು ದಿನ ಮುಂದೆ. ದೂರ ನಿಂತು ನೋಡಿದರೆ ಗೋಡೆಯ ಮೇಲೆ ಮೆಟ್ಟಿಲು ಕಟ್ಟಿದ ಹಾಗಿತ್ತು. ಒಂದು ಮಗು ಬೆರಳಿನಿಂದ ಅದನ್ನು ಹತ್ತುತ್ತ ಹೋಯಿತು.

ಮಧ್ಯಾಹ್ನ ಕರೆಂಟ್ ಆಫೀಸಿನ ವಿಮಲಾಕ್ಷಿ ಮೇಡಂ ಬೀದಿಗೆ ಬಂದರು. ನಮ್ಮ ಊರಿನ ಹುಡುಗಿಯೇ, ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಓದಿದವಳು, ಈಗ ಕತ್ತಿನಲ್ಲಿ ಗುರುತಿನ ಚೀಟಿ. "ನೋಡಿ, ನಾನು ಯಾರಿಗೂ ದಂಡ ಹಾಕೋಕೆ ಬಂದಿಲ್ಲ" ಎಂದಳು. "ಹದಿನಾರು ಮನೆ ಸೇರಿ ಒಂದು ಅಭ್ಯಾಸ ಮಾಡ್ಕೊಂಡಿದೀರ. ನಾಳೆಯಿಂದ ನಾಲ್ಕೂ ಐದು ಹದಿನಾರು ಮನೆಗೂ ಕೆಂಪು. ನಿಲ್ಸಿದ್ರೆ ತಾನಾಗೇ ಇಳಿಯುತ್ತೆ."

"ಹದಿನೈದು ಮನೆಯೋರು ಏನ್ ಪಾಪ ಮಾಡಿದ್ರು?" ಎಂದೆ.

"ಮೀಟರಿಗೆ ಪಾಪ ಪುಣ್ಯ ಗೊತ್ತಿಲ್ಲ ಮಾದಪ್ಪನೋರೇ. ಹೊತ್ತು ಗೊತ್ತು."

ಮೊದಲು ತಲೆ ತಗ್ಗಿಸಿದವನು ನಾನೇ. ನನ್ನ ಅಂಗಡಿ ಸಂಜೆಯೇ ನಡೆಯುವುದು, ಕೆಂಪು ಬಂದರೆ ನನಗೂ ಕಷ್ಟ ಎಂದು ಮನಸ್ಸು ಅಲ್ಲೇ ಲೆಕ್ಕ ಹಾಕಿತು. ಕೇಬಲ್ಲು ಸುತ್ತಲು ಬಗ್ಗಿದೆ ಕೂಡ. ಬಾಗಿಲಲ್ಲಿ ನಿಂತಿದ್ದ ದೇವೀರಮ್ಮ ಹೇಳಿದಳು, "ಬಿಡ್ರಪ್ಪ, ಸಾಕು. ನಿಮ್ ಕರೆಂಟಲ್ಲಿ ಹದಿನೇಳು ದಿನ ನನ್ ಹೆಸರಿಡ್ದು ಕರುದ್ರು. ಇನ್ಮೇಲೆ ಯಾವೂರ್ಗೆ ಅಂತ ಕೇಳಿದ್ರೆ, ಯಾವ್ದಾದ್ರೂ ಒಂದು ಊರು ಹೇಳ್ತೀನಿ." ಒಳಗಿನಿಂದ ಹೊಂಬಾಳಯ್ಯ ಇಣುಕಿ, "ಗಲಾಟೆ ಮಾಡ್ಬೇಡಿ, ಸಾಲಾಗಿ ನಿಂತ್ಕೊಳಿ, ಬಸ್ಸು ಬರುತ್ತೆ" ಎಂದ.

ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏಯ್ ಮಾದಪ್ಪ, ಬಿಡು ಆ ತಂತಿನ! ವಿಮಲಾ, ನಾಳೆಯಿಂದ ನಮಗೆಲ್ಲ ಕೆಂಪೇ ತಾನೆ? ಸರಿ, ಕೊಡು. ಆ ಹತ್ತು ನಿಮಿಷ ಎಷ್ಟಾದ್ರೂ ಆಗ್ಲಿ, ತಗೋತೀವಿ. ಮಿಕ್ಕಿದ್ದು ಒಂದು ನಿಮಿಷನೂ ಬೇಡ. ನಮಗೆ ಒರಳೈತೆ, ಬಾವಿ ಐತೆ, ಬೀಸಣಿಗೆ ಐತೆ. ನಿನ್ನ ಹಸಿರು ನೀನೇ ಮಡಿಕೋ." ಆಮೇಲೆ ನಮ್ಮ ಕಡೆ ತಿರುಗಿ, "ಏನ್ರೋ, ಬಾಯಲ್ಲಿ ಹಪ್ಪಳ ಇಟ್ಕಂಡಿದೀರಾ?" ಎಂದಳು. ಹದಿನಾರು ಮನೆಯವರೂ ಹೂಂ ಎಂದೆವು. ನಾನು ಸ್ವಲ್ಪ ಜೋರಾಗಿಯೇ ಎಂದೆ, ಬಗ್ಗಿದ್ದು ಯಾರಿಗೂ ನೆನಪಿರದಿರಲಿ ಎಂದು.

ಮರುದಿನ ನಾಲ್ಕೂ ಐದಕ್ಕೆ ಬೀದಿಯ ಎಲ್ಲ ದೀಪಗಳೂ ಕೆಂಪಗೆ ಉರಿದವು. ಇನ್ನು ತಂತಿ ಎಳೆಯುವ ಕೆಲಸವೇ ಇರಲಿಲ್ಲ. ಹೊಂಬಾಳಯ್ಯನ ಜೊತೆಗೆ ಹದಿನೈದು ಮನೆಯಲ್ಲೂ ಇಸ್ತ್ರಿ. ಇಸ್ತ್ರಿಪೆಟ್ಟಿಗೆ ಇಲ್ಲದವರು ಪಕ್ಕದ ಮನೆಗೆ ಬಟ್ಟೆ ಕೊಟ್ಟರು. ಲುಂಗಿಗೆ ಇಸ್ತ್ರಿ, ದಿಂಬಿನ ಚೀಲಕ್ಕೆ ಇಸ್ತ್ರಿ, ಚಿಕ್ಕತಾಯಮ್ಮ ಹಪ್ಪಳದ ಬಟ್ಟೆಗೂ ಹಾಕಿದಳು. ಹತ್ತು ನಿಮಿಷವಾದ ಮೇಲೆ ಮೈನ್ ಸ್ವಿಚ್ಚೇ ಕೆಳಗೆ. ಬೇಸಿಗೆ ಬೇರೆ. ಅಕ್ಕಿ ರುಬ್ಬಿ ರುಬ್ಬಿ ಹೆಂಗಸರ ರಟ್ಟೆ ಬಿದ್ದುಹೋಯಿತು, ಗಂಡಸರನ್ನೂ ಒರಳಿಗೆ ಕೂರಿಸಿದರು. ನಾನು ಮೋಟಾರುಗಳನ್ನು ಸುತ್ತಿ ಸುತ್ತಿ ಇಟ್ಟೆ, ತಿರುಗಿಸಿ ನೋಡಲು ಕರೆಂಟು ಮುಟ್ಟಲಿಲ್ಲ. ಮುಂದಿನ ಸೋಮವಾರ ಗೋಡೆಯ ಮೇಲೆ ನಮ್ಮ ಬೀದಿಯ ಹದಿನಾರು ಕಾಗದಗಳೂ ಒಂದೇ ಥರ, ಮಲಗಿದ ಗೆರೆ, ದಿನಕ್ಕೊಂದು ಮೊಳೆ. ಒಂದನ್ನು ಬಿಟ್ಟು. ಆರನೇ ಮನೆಯ ಲಿಂಗಣ್ಣನ ಕಾಗದದಲ್ಲಿ ಗುರುವಾರ ಒಂದು ಪುಟ್ಟ ಗುಡ್ಡ ಎದ್ದಿತ್ತು. ಕದ್ದು ಟಿವಿ ನೋಡಿದ್ದ. ಅವನ ಹೆಂಡತಿ ಗೋಡೆಯ ಮುಂದೆಯೇ, "ಕ್ರಿಕೆಟ್ ನೋಡ್ದೆ ಇದ್ರೆ ಉಸಿರು ನಿಂತೋಗ್ತಿತ್ತಾ?" ಎಂದು ಬೆವರಿಳಿಸಿದಳು. ಮುಂದಿನ ವಾರ ಅವನ ಗೆರೆಯಷ್ಟು ನೆಟ್ಟಗೆ ಯಾರ ಗೆರೆಯೂ ಇರಲಿಲ್ಲ.

ಆಫೀಸಿನವರು ಬಲೆ ಬೀಸಿದರು. ನಾಲ್ಕೂ ಐದು ಬಿಟ್ಟು ಮಿಕ್ಕ ಹೊತ್ತಿನಲ್ಲೆಲ್ಲ ನಮ್ಮ ದೀಪ ಹಸಿರೋ ಹಸಿರು, ಹಿಂದೆಂದೂ ಕಾಣದ ಎಳೇ ಹಸಿರು. ಹೆಚ್ಚುಕಡಿಮೆ ಬಿಟ್ಟಿ. ಸೆಕೆಯಲ್ಲಿ ಕೂತು ತಲೆಯೆತ್ತಿ, ತಿರುಗದೆ ನಿಂತ ಫ್ಯಾನನ್ನೂ ಬಾಗಿಲ ಮೇಲಿನ ಹಸಿರನ್ನೂ ನೋಡುವುದು ಎಂಥ ಹಿಂಸೆ ಗೊತ್ತೇ? ಯಾರೂ ಮುಟ್ಟಲಿಲ್ಲ. ನಮ್ಮ ಹಿಂದಿನ ಬೀದಿಯವರು ಇದನ್ನು ನೋಡಿ, ಅವರೂ ಮೈನ್ ಸ್ವಿಚ್ಚು ಕೆಳಗೆ ಹಾಕಿ ನಾಲ್ಕೂ ಐದಕ್ಕೆ ಇಸ್ತ್ರಿಗೆ ನಿಂತರು. ಒಂದು ಮನೆಗೂ ಇನ್ನೊಂದು ಮನೆಗೂ ವ್ಯತ್ಯಾಸ ಗೊತ್ತಾದರೆ ತಾನೇ ಮೀಟರಿಗೆ ಕೆಲಸ?

ಐದನೇ ವಾರ ವಿಮಲಾಕ್ಷಿ ಮೇಡಂ ಮತ್ತೆ ಬಂದಳು, ಸರಿಯಾಗಿ ನಾಲ್ಕು ಗಂಟೆಗೆ. "ನಿಮ್ಮ ಮೀಟರು ಕೆಟ್ಟಿದೆಯೇನೋ ಅಂತ ಮೇಲಿನೋರು ಕೇಳ್ತಿದಾರೆ, ನೋಡಿ ಬರೆಯೋಕೆ ಬಂದೆ" ಎಂದು ಹೊಂಬಾಳಯ್ಯನ ಮನೆ ಮುಂದೆ ನಿಂತಳು. ಅವನು ಅಂಗಿ ಹಾಸಿದ. ಕಾಲರು, ತೋಳು, ಬೆನ್ನು. ಹಿಡಿಯ ಸಣ್ಣ ಲೈಟು ಆರಿತು. ತೊಟ್ಟುಕೊಂಡು ಗುಂಡಿ ಹಾಕುತ್ತ ಬಾಗಿಲಿಗೆ ಬಂದವನು ಅವಳನ್ನು ನೋಡಿ ನಿಂತ. "ಏನಮ್ಮ ವಿಮಲಾ, ಇವತ್ತೂ ಮಿಸ್ ಮಾಡ್ಕೊಂಡ್ಯಾ ಬಸ್ಸು? ಪರೀಕ್ಷೆ ದಿನ ಅಂತ ಮೂರ್ನಿಮಿಷ ಹಿಡ್ದು ನಿಲ್ಸಿದ್ದೆ ಕಣಮ್ಮ, ಡ್ರೈವರು ಬೈದ."

ಬೀದಿ ತಿರುವಿನಲ್ಲಿ ದೇವೀರಮ್ಮ ಚೀಲ ಹೆಗಲಿಗೆ ಹಾಕಿ ಬರುತ್ತಿದ್ದಳು. ವಿಮಲಾಕ್ಷಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಕೈಯಲ್ಲಿದ್ದ ಹಾಳೆಯಲ್ಲಿ "ಮೀಟರು ಸರಿಯಾಗಿದೆ" ಎಂದು ಬರೆದಳು, ಹೋದಳು. ಅವಳೇನೋ ನಮ್ಮ ಪಕ್ಷ ಸೇರಿ ಭಾಷಣ ಮಾಡಿದಳು ಎಂದುಕೊಳ್ಳಬೇಡಿ. ಸೋಮವಾರ ಎಂದಿನಂತೆ ತಾನೇ ಗೋಡೆಗೆ ಕಾಗದ ಅಂಟಿಸಿದಳು. ಆಫೀಸಿನವರ ಮನೆಯ ಗೆರೆಯೂ ಅದೇ ಗೋಡೆಯ ಮೇಲೆ ಇರುತ್ತಿತ್ತು, ಕೊನೆಯ ಸಾಲಿನಲ್ಲಿ. ಚಿಕ್ಕತಾಯಮ್ಮ ನನ್ನ ಪಕ್ಕೆ ತಿವಿದು ತೋರಿಸಿದಳು. ವಿಮಲಾಕ್ಷಿಯ ಮನೆಯ ಕಾಗದ, ಮಲಗಿದ ಗೆರೆ, ಅದರ ಮೇಲೆ ನಾಲ್ಕೂ ಐದಕ್ಕೆ ದಿನಕ್ಕೊಂದು ಮೊಳೆ.

ಅಲ್ಲಿಂದಾಚೆ ಗೋಡೆ ತುಂಬ ಮೊಳೆ. ಮೂರು ತಿಂಗಳಿಗೆ ಆಫೀಸಿನವರು ಸೋತು, ಮಿಕ್ಕ ಹೊತ್ತಿಗೆಲ್ಲ ಊರಿಗೆ ಒಂದೇ ದರ ಎಂದು ಬೋರ್ಡು ಹಾಕಿದರು. ಜನ ಕವಡೆಗಳನ್ನು ಮಕ್ಕಳಿಗೆ ಆಡಲು ಕೊಟ್ಟರು. ನಾಲ್ಕೂ ಐದರ ಕೆಂಪು ಮಾತ್ರ ಹೋಗಲಿಲ್ಲ. ಹೋಗಲಿ ಎಂದು ನಾವು ಕೇಳಲೂ ಇಲ್ಲ. ಅದು ನಾವು ಬೇಕೆಂದು ಉಳಿಸಿಕೊಂಡ ಕೆಂಪು.

ಹೊಂಬಾಳಯ್ಯ ಎರಡು ವರ್ಷ ಇದ್ದ. ಒಂದು ಸಂಜೆ ಇಸ್ತ್ರಿ ಮಾಡಿ, ತೊಟ್ಟು, ಬಾಗಿಲಲ್ಲಿ ನಿಂತು, "ಬಂದ್ಯಾ ದೇವಿ, ಇವತ್ತು ರೈಟ್ ಟೈಮು" ಎಂದು ಅವಳ ಚೀಲ ಇಸಿದುಕೊಂಡು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ನಾವು ಎತ್ತಿಕೊಂಡಾಗ ಬೆನ್ನಿನ ಕಡೆ ಅಂಗಿ ಇನ್ನೂ ಬಿಸಿ ಇತ್ತು. ದೇವೀರಮ್ಮ ಅದನ್ನು ಕೈಯಿಂದ ಮುಟ್ಟಿ ನೋಡಿ, "ಇನ್ನೂ ಆರಿಲ್ಲ" ಎಂದಳು.

ಈಗ ನನ್ನ ವಿಷಯ. ತ್ರಿವೇಣಿ, ನೀನು ಗ್ರೂಪಿನಲ್ಲಿ ಹಾಕಿದ್ದು ಪೂರ್ತಿ ಸುಳ್ಳಲ್ಲ. ಬೆಳಗಿನ ಹೊತ್ತು ನನಗೆ ಹೆಸರುಗಳು ಸಿಗುತ್ತಿಲ್ಲ. ಮೊನ್ನೆ ಕಾಫಿ ತಂದುಕೊಟ್ಟ ನಿನ್ನನ್ನೇ, "ಯಾರ ಮನೆ ಮಗಳಮ್ಮ ನೀನು?" ಎಂದೆ. ನೀನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ಈಗ ನೋಡು, ಅಂಗಿ ತೊಟ್ಟಾಗಿನಿಂದ ನಿನ್ನ ಹೆಸರು ಎಷ್ಟು ಸಲ ಹೇಳಿದೆ. ನಿನ್ನ ಹೊಸ ಮೀಟರು ಏನು ಬೇಕಾದರೂ ತೋರಿಸಲಿ, ಎಷ್ಟು ಬೇಕಾದರೂ ಏರಿಸಲಿ, ನನ್ನ ಇಸ್ತ್ರಿ ನಾಲ್ಕೂ ಐದಕ್ಕೇ. ಬೇಕಿದ್ದರೆ ನನ್ನ ರೂಮಿನ ಫ್ಯಾನು ಕಿತ್ತುಕೊಂಡು ಹೋಗು. ಕಾಲರು ಆಗಲೇ ತಣ್ಣಗಾಯಿತು, ತೋಳಿನಲ್ಲಿ ಸ್ವಲ್ಪ ಉಳಿದಿದೆ. ಹಾಗಾಗಿ ಬೇಗ ಹೇಳುತ್ತೇನೆ. ನಗುವ ಮುಖ ಹಾಕಿದ ಏಳೂ ಜನ ಇದನ್ನು ಒಬ್ಬೊಬ್ಬರಿಗಾದರೂ ಕಳಿಸಿ. ಹೊಸ ಮೀಟರು ಕೂರಿಸಿಕೊಂಡವರಿಗೆ ಮೊದಲು ಕಳಿಸಿ. ನಾಳೆ ನಾನು ಈ ಕಥೆ ನನಗೆ ಗೊತ್ತೇ ಇಲ್ಲ ಎಂದರೂ ಕಳಿಸುವುದು ನಿಲ್ಲಿಸಬೇಡಿ. ದಿನಾ ಕಳಿಸಿ, ಅದೇ ಹೊತ್ತಿಗೆ ಕಳಿಸಿ, ಯಾರ ಮೀಟರಿಗಾದರೂ ಗೊತ್ತಾಗಲಿ. ತ್ರಿವೇಣಿ, ನಾಳೆ ನಾಲ್ಕೂ ಇಪ್ಪತ್ತಕ್ಕೆ ಹಿತ್ತಲಿಂದ ಹೋಗಿ ಬೀದಿ ಬಾಗಿಲಿಂದ ಬಾ.